ಎಪ್ಪತ್ತರ ಮಗಳು, ತೊಂಬತ್ತರ ತಾಯಿ

ನಾಗುವಿನ ಓಣಿ

ಪ್ರಿನ್ಸ್‌ಟನ್ನಿಗೆ ಹತ್ತಿರದ ಆ ಊರಿನಲ್ಲಿ ಸುಮ್ಮನೆ ನಡೆದಾಡುವವಳು ನಾನೊಬ್ಬಳೇ ಆಗಿದ್ದೆ. ಉಳಿದವರು ನಾಯಿಯನ್ನು ನಡೆಸುತ್ತಿದ್ದರು, ಇಲ್ಲವೇ ಬೆವರು ಸುರಿಸಿಕೊಂಡು ಓಡುತ್ತಿದ್ದರು. ನಾಯಿಯೂ ಇಲ್ಲದೆ, ಓಡುವ ಬೂಟೂ ಇಲ್ಲದೆ, ಚೂಡಿದಾರದ ಮೇಲೆ ಗೆಳತಿಯ ಗಂಡನ ಹಳೆಯ ಕೋಟು ತೊಟ್ಟು ಗೊತ್ತುಗುರಿಯಿಲ್ಲದೆ ತಿರುಗುವ ಐವತ್ತಾರರ ಹೆಂಗಸನ್ನು ಕಂಡು ಕಾರುಗಳು ತುಸು ನಿಧಾನವಾಗುತ್ತಿದ್ದವು. ಒಳಗಿನವರು ಕೈಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಅಲ್ಲಿಗೆ ನಮ್ಮ ಪರಿಚಯ ಮುಗಿಯುತ್ತಿತ್ತು.

ಮನೆಯೊಳಗೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಬ್ಯಾಂಕುಗಳು ಒಂದರ ಹಿಂದೊಂದು ಕುಸಿಯುತ್ತಿದ್ದ ಶರತ್ಕಾಲ ಅದು. ಟೀವಿಯಲ್ಲಿ ಕೆಂಪು ಬಾಣಗಳು ದಿನವಿಡೀ ಕೆಳಗೆ ಇಳಿಯುತ್ತಿದ್ದವು. ನಾನು ಉಳಿದುಕೊಂಡಿದ್ದು ಹಾಸ್ಟೆಲ್ ದಿನಗಳ ಗೆಳತಿ ನಾಗರತ್ನಳ ಮನೆಯಲ್ಲಿ. ಆಕೆ ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಗಂಡ ಪ್ರಕಾಶ್ ಮೈಸೂರಿನವರು, ಮ್ಯಾನ್‌ಹಟನ್ನಿನ ಬ್ಯಾಂಕಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದರು. ಫೋನು ರಿಂಗಾದರೆ ಸಾಕು, ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಯಲ್ಲಿಟ್ಟು ಎದ್ದುಬಿಡುತ್ತಿದ್ದರು. ಒಬ್ಬಳೇ ಮಗಳು ಬಾಸ್ಟನ್ನಿನಲ್ಲಿ ಓದುತ್ತಿದ್ದಳು. ಫೋನಿನಲ್ಲಿ ತಾಯಿ ಕನ್ನಡದಲ್ಲಿ ಕೇಳುವುದು, ಮಗಳು ಇಂಗ್ಲಿಷಿನಲ್ಲಿ ಹೇಳುವುದು.

ನಾನು ಧಾರವಾಡದ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಜನಸಂಖ್ಯೆ ನನ್ನ ವಿಷಯ. ಯಾವ ವಯಸ್ಸಿನವರು ಎಷ್ಟು ಜನ ಎಂದು ತೋರಿಸುವ, ಬುಡ ಅಗಲ, ತುದಿ ಚೂಪಾದ ನಮ್ಮ ದೇಶದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಶ್ರೀಮಂತ ದೇಶದ್ದನ್ನು ಗಡಿಗೆಯ ಹಾಗೆ ಬರೆದು ತೋರಿಸುತ್ತಾ ಬಂದವಳು. ಮುದುಕರು ಹೆಚ್ಚುತ್ತಿರುವ ಸಮಾಜಗಳ ಬಗ್ಗೆ ಪ್ರಿನ್ಸ್‌ಟನ್ನಿನಲ್ಲಿ ನಡೆಯಲಿದ್ದ ಸಣ್ಣ ವಿಚಾರ ಸಂಕಿರಣಕ್ಕೆ ಪ್ರಬಂಧ ಓದಲು ಕರೆದಿದ್ದರು. ಸಂಕಿರಣಕ್ಕೆ ಎರಡು ವಾರ ಮುಂಚೆಯೇ ಬಂದು ನಾಗುವಿನ ಜೊತೆ ಇದ್ದುಬಿಡೋಣ ಎಂದುಕೊಂಡಿದ್ದೆ.

ಹೀಗೆ ತಿರುಗುವಾಗ ಕೆಂಪು ಇಟ್ಟಿಗೆಯ ಶಾಲೆಯೊಂದು ಕಂಡಿತು. ಉಯ್ಯಾಲೆ, ಜಾರುಬಂಡೆ, ಗೆರೆ ಎಳೆದ ಆಟದ ಬಯಲು, ಎಲ್ಲ ಇದ್ದವು. ಬಾಗಿಲಿಗೆ ಸರಪಳಿ ಇತ್ತು. ಮಕ್ಕಳು ಸಾಲದೆ ಮುಚ್ಚಿದ್ದಾರೆಂದು ಫಲಕದ ಮೇಲಿನ ಚೀಟಿ ಹೇಳುತ್ತಿತ್ತು. ನಮ್ಮಲ್ಲಿ ಒಂದು ಬೆಂಚಿಗೆ ಐದು ಜನ ಕೂತು, ಆರನೆಯವಳು ನಿಂತೇ ಬರೆದುಕೊಳ್ಳುತ್ತಾಳೆ. ಉಯ್ಯಾಲೆಯ ಮೇಲೆ ಕುಳಿತುಕೊಳ್ಳಬೇಕೆನ್ನಿಸಿತು. ಯಾರಾದರೂ ಪೊಲೀಸರಿಗೆ ಹೇಳಿಯಾರೆಂದು ಹೆದರಿ ಮುಂದೆ ನಡೆದೆ.

ಅದರ ಎದುರಿನ ಬಿಳಿ ಮನೆಯ ಬಾಗಿಲು ಆಗಲೇ ತೆರೆದದ್ದು. ನಡೆಯಲು ಆಸರೆಯಾದ ಕಬ್ಬಿಣದ ಚೌಕಟ್ಟನ್ನು ಹಿಡಿದು ಒಬ್ಬ ಮುದುಕಿ ನಿಂತಿದ್ದಳು. "ಬಾ, ಬಾ. ಎಷ್ಟು ಹೊತ್ತು ಕಾಯಿಸ್ತೀಯ?" ಎಂದು ಇಂಗ್ಲಿಷಿನಲ್ಲಿ ಗದರಿಸಿದಳು.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ರೂತ್

ಆಕೆಯ ಹೆಸರು ರೂತ್. ವಯಸ್ಸು ತೊಂಬತ್ತೆರಡು. ಕಣ್ಣು ಮಬ್ಬು, ಆಕಾರ ಬಣ್ಣ ಮಾತ್ರ ಕಾಣುತ್ತದೆ. ದಿನವೂ ನೋಡಿಕೊಳ್ಳಲು ಬರುತ್ತಿದ್ದವಳ ಬದಲಿಗೆ ಹೊಸಬಳನ್ನು ಕಳಿಸುತ್ತೇವೆಂದು ಏಜೆನ್ಸಿಯವರು ಹೇಳಿದ್ದರಂತೆ. ಕಂದು ಬಣ್ಣದ ಹೆಂಗಸು ದೊಗಳೆ ಕೋಟು ಹಾಕಿ ಮನೆ ಮುಂದೆ ನಿಂತರೆ ಇನ್ನೇನೆಂದುಕೊಂಡಾಳು? ಇದೆಲ್ಲ ನನಗೆ ತಿಳಿದದ್ದು ಒಳಗೆ ಹೋದ ಮೇಲೆ. ಒಳಗೆ ಹೋದದ್ದಾದರೂ ಯಾಕೆ? ಬಂದಂದಿನಿಂದ ಆ ದೇಶದವರ ಮನೆಯೊಳಗೆ ನನ್ನನ್ನು ಕರೆದ ಮೊದಲ ವ್ಯಕ್ತಿ ಅವಳು, ಅದಕ್ಕೆ ಇರಬೇಕು.

"ನಾನು ನೀವು ಕಾಯ್ತಿರೋ ಹುಡುಗಿ ಅಲ್ಲ" ಎಂದೆ.

"ಎಲ್ಲರೂ ಮೊದಲ ದಿನ ಹಾಗೇ ಅಂತಾರೆ. ನೀರು ಕಾಯಿಸು."

ಅವಳನ್ನು ಹಾಗೆಯೇ ನಿಲ್ಲಿಸಿ ಹೊರಟುಬಿಡಬಹುದಿತ್ತು. ಆದರೆ ಹಾಕಿದ್ದ ಅಂಗಿಯ ಗುಂಡಿಗಳು ತಪ್ಪುತಪ್ಪಾಗಿ ಸಿಕ್ಕಿದ್ದವು. ತಿಂಡಿಯ ತಟ್ಟೆ ಮುಟ್ಟದೆ ಬಿದ್ದಿತ್ತು. ನೀರು ಕಾಯಿಸಿದೆ. ಫ್ರಿಜ್ಜಿನಲ್ಲಿ ಒಣಗುತ್ತಿದ್ದ ಶುಂಠಿ ಸಿಕ್ಕಿತು, ಜಜ್ಜಿ ಹಾಕಿ, ಹಾಲು ಸುರಿದು ಕುದಿಸಿ ಕೊಟ್ಟೆ. ರೂತ್ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಇದು ಟೀ ಅಲ್ಲ, ಸೂಪು" ಎಂದಳು. ಕಪ್ಪು ಮಾತ್ರ ಖಾಲಿಯಾಯಿತು.

ಆಮೇಲೆ ತಲೆ ತೊಳೆಯಬೇಕೆಂದಳು. ಮೂರು ದಿನವಾಯಿತಂತೆ. ಆಕೆಯನ್ನು ಎಬ್ಬಿಸಲು ನಾನು ಕೈ ಹಿಡಿದು ಜಗ್ಗಿದೆ.

"ಕೈ ಎಳೀಬೇಡ! ಕಂಕುಳ ಕೆಳಗೆ ಹಿಡಿ. ನಿನ್ನ ಮೊಣಕಾಲು ಬಗ್ಗಿಸು. ನಿನಗೆ ಯಾರೂ ಕಲಿಸಲೇ ಇಲ್ವಾ?"

"ನಾನು ಭೂಗೋಳ ಕಲಿಸ್ತೀನಿ."

"ಹಾಗಾದರೆ ಸ್ನಾನದ ಮನೆ ಯಾವ ದಿಕ್ಕಿಗಿದೆ ಹೇಳು ನೋಡೋಣ" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಆಕೆ ಹೆರಿಗೆ ವಾರ್ಡಿನ ನರ್ಸಾಗಿದ್ದವಳು. ದೊಡ್ಡ ಯುದ್ಧ ಮುಗಿದು ಗಂಡಸರೆಲ್ಲ ಮನೆಗೆ ಬಂದ ಮೇಲಿನ ವರ್ಷಗಳಲ್ಲಿ ಅವಳ ಆಸ್ಪತ್ರೆಯ ಪಡಸಾಲೆಯಲ್ಲೂ ಮಂಚ ಹಾಕುತ್ತಿದ್ದರಂತೆ. ಒಂದು ಮಗುವಿನ ಹೊಕ್ಕುಳು ಕತ್ತರಿಸುವಷ್ಟರಲ್ಲಿ ಪಕ್ಕದ ಮಂಚದಿಂದ ಕೂಗು. "ತೊಟ್ಟಿಲುಗಳು ಸಾಲದೆ ಮೇಜಿನ ಖಾನೆ ಕಿತ್ತು ಅದರಲ್ಲಿ ಮಲಗಿಸಿದ್ದೇವೆ" ಎಂದು ನೀರು ಸುರಿಯುತ್ತಿದ್ದ ತಲೆಯನ್ನು ಎತ್ತಿ ಹೇಳಿದಳು. ನಾನು ವರ್ಷವರ್ಷವೂ ಗಡಿಗೆಯ ಹೊಟ್ಟೆಯೆಂದು ಸೀಮೆಸುಣ್ಣದಲ್ಲಿ ಉಬ್ಬಿಸಿ ಬರೆಯುತ್ತಿದ್ದ ಭಾಗ ಅದೇ. ನನ್ನ ಬೆರಳುಗಳ ನಡುವೆ ಅವಳ ಕೂದಲು ಹತ್ತಿಯ ಹಾಗೆ ಹಗುರವಾಗಿತ್ತು.

ಅವಳ ತಲೆ ಒರೆಸುತ್ತಿದ್ದಾಗ ಮುಂಬಾಗಿಲು ತೆರೆಯಿತು. ಸೂಪರ್ ಮಾರ್ಕೆಟ್ಟಿನ ಹಸಿರು ಏಪ್ರನ್ ತೊಟ್ಟ, ಬಿಳಿಗೂದಲಿನ, ಎತ್ತರದ ಹೆಂಗಸೊಬ್ಬಳು ಒಳಬಂದು ನನ್ನನ್ನು ಕಂಡು ಚೀರಿದಳು. "ನೀನು ಯಾರು? ನನ್ನ ಅಮ್ಮನಿಗೆ ಏನು ಮಾಡ್ತಿದ್ದೀಯ?" ಅವಳ ಕೈಯಲ್ಲಿ ಆಗಲೇ ಫೋನು ಇತ್ತು.

ಅಮ್ಮ! ನಾನು ಆಕೆಯನ್ನು ರೂತಳ ತಂಗಿಯೆಂದುಕೊಂಡಿದ್ದೆ.

"ಕಿರುಚಬೇಡ ಕ್ಯಾರೊಲ್" ಎಂದಳು ರೂತ್. "ಟೀ ಮಾಡೋಕೆ ಬರಲ್ಲ, ಆದರೆ ತಲೆ ಚೆನ್ನಾಗಿ ತೊಳೀತಾಳೆ."

ನಾನು ತೊದಲುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಕ್ಯಾರೊಲ್ ಕುರ್ಚಿಯ ಮೇಲೆ ಕುಸಿದಳು. ಏಜೆನ್ಸಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಏಜೆನ್ಸಿಯನ್ನೇ ಮುಚ್ಚಿ ಹೋಗಿಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಕ್ಯಾರೊಲ್‌ಗೆ ಎಪ್ಪತ್ತಕ್ಕೆ ಒಂದೆರಡು ವರ್ಷ ಕಡಿಮೆ. ಎದುರಿನ ಆ ಶಾಲೆಯಲ್ಲೇ ಗ್ರಂಥಪಾಲಕಿಯಾಗಿ ನಿವೃತ್ತಳಾದವಳು. ಮದುವೆಯಾಗಿ ಮುರಿದಿತ್ತು, ಮಕ್ಕಳಿಲ್ಲ. ನಿವೃತ್ತಿಗೆಂದು ಷೇರಿನಲ್ಲಿಟ್ಟದ್ದು ಈ ಬೇಸಿಗೆಯಿಂದೀಚೆ ಕರಗಿಹೋಗಿ, ಈಗ ಬೇಕರಿ ವಿಭಾಗದಲ್ಲಿ ದಿನವೆಲ್ಲ ನಿಂತು ಬ್ರೆಡ್ಡು ಕತ್ತರಿಸುವ ಕೆಲಸ. ಅವಳು ಕೆಲಸಕ್ಕೆ ಹೋದರೆ ತಾಯಿಯನ್ನು ನೋಡುವವರಿಲ್ಲ. ಹೋಗದಿದ್ದರೆ ಮನೆ ನಡೆಯುವುದಿಲ್ಲ.

"ನರ್ಸಿಂಗ್ ಹೋಮಿಗೆ ಹೋಗಲ್ಲ ಅಂತ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತುಬಿಡ್ತಾಳೆ" ಎಂದಳು ಕ್ಯಾರೊಲ್, ತಾಯಿ ಕೇಳುವಂತೆಯೇ.

"ಹೋಗಲ್ಲ" ಎಂದಳು ರೂತ್.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ನನ್ನನ್ನು ಹುಡುಕಿಕೊಂಡು ಓಣಿ ಓಣಿ ಸುತ್ತಿದ್ದ ನಾಗು, ಕಿಟಕಿಯಿಂದ ನನ್ನ ಕೋಟು ಕಂಡು ಒಳನುಗ್ಗಿದಳು.

"ಎಲ್ಲಿ ಹೋಗಿದ್ದೀ ಗಿರ್ಜಿ? ಜೀವ ಬಾಯಿಗೆ ಬಂದಿತ್ತು ನಂಗ!" ನನ್ನ ತೋಳು ಒದ್ದೆಯಾಗಿರುವುದನ್ನು ಆಗ ಕಂಡಳು. "ಇದೇನ ಇದು?"

"ತಲಿ ತೊಳದೆ" ಎಂದೆ.

ನಾಲ್ಕು ಮುಂಜಾನೆ

ಮರುದಿನವೂ ಹೋದೆ. ಅದರ ಮರುದಿನವೂ. ಕ್ಯಾರೊಲ್ ಕೈಗೆ ನೋಟು ತುರುಕಲು ಬಂದಾಗ ಹಿಂದೆ ಸರಿದೆ. ನಾಗು ಮಾತ್ರ ಕೆಂಡವಾಗಿದ್ದಳು.

"ವಿಸಿಟರ್ ವೀಸಾದ ಮ್ಯಾಲೆ ಬಂದಾಕಿ ನೀ. ಕೆಲಸ ಮಾಡಿದಿ ಅಂತ ಯಾರರ ಹೇಳಿದ್ರ ವಿಮಾನ ಹತ್ತಿಸಿ ಕಳಸ್ತಾರ. ಸೆಮಿನಾರಿಗೆ ಬಂದೀಯೋ, ಕಂಡವರ ಮನಿ ಮುದುಕೀಗೆ ನೀರು ಹಾಕ್ಲಿಕ್ಕೆ ಬಂದೀಯೋ?"

"ರೊಕ್ಕ ತಗೊಂಡಿಲ್ಲಲ್ಲ. ಓಣಿಯವರ ಮನಿಗೆ ಹೋಗೂದು ಕೆಲಸ ಹೆಂಗಾಗ್ತದ?"

"ಇದು ಧಾರವಾಡ ಅಲ್ಲ ತಾಯಿ. ಹತ್ತು ವರ್ಷ ಆತು ನಾ ಈ ಓಣ್ಯಾಗ ಇದ್ದು. ಆ ಮನ್ಯಾಗ ಯಾರು ಇರ್ತಾರ ಅಂತ ನಂಗ ಮೊನ್ನೆ ಗೊತ್ತಾತು."

ಅವಳು ಅದನ್ನು ಬೈಗುಳವಾಗಿಯೇ ಆಡಿದ್ದು. ಆಡಿದ ಮೇಲೆ ಸಿಂಕಿನ ಕಡೆ ತಿರುಗಿ, ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು.

ನನ್ನ ಕಾರಣವೂ ಶುದ್ಧ ದಯೆಯದಲ್ಲ. ನಾನು ಮದುವೆಯಾದವಳಲ್ಲ. ಧಾರವಾಡದಲ್ಲಿ ಬಾಡಿಗೆ ಮನೆ, ಎರಡು ವರ್ಷದಲ್ಲಿ ನಿವೃತ್ತಿ. ಅಕ್ಕಂದಿರ ಮಕ್ಕಳು ಹಬ್ಬಕ್ಕೆ ಬರುತ್ತಾರೆ, ಕಾಲಿಗೆ ಬೀಳುತ್ತಾರೆ, ಬಸ್ಸಿನ ಹೊತ್ತಾಯಿತೆನ್ನುತ್ತಾರೆ. ರೂತಳ ಮನೆಯಲ್ಲಿ ನಾನು ಮಾಡಿದ್ದಕ್ಕಿಂತ ಹೆಚ್ಚಾಗಿ ನೋಡುತ್ತಿದ್ದೆ: ಸ್ನಾನದ ಮನೆಯಲ್ಲಿ ಹಿಡಿಯಲು ಎಲ್ಲೆಲ್ಲಿ ಸರಳು ಹಾಕಿದ್ದಾರೆ, ಮಾತ್ರೆಗಳನ್ನು ಯಾವ ಡಬ್ಬಿಯಲ್ಲಿ ಇಟ್ಟಿದ್ದಾರೆ, ಒಬ್ಬಳೇ ಕುಳಿತಾಗ ಅವಳ ಕೈ ಏನು ಮಾಡುತ್ತದೆ. ಮೇಜಿನ ಅಂಚನ್ನು ಒಂದು ತುದಿಯಿಂದ ಇನ್ನೊಂದರವರೆಗೆ ಸವರುತ್ತಲೇ ಇರುತ್ತಿತ್ತು. ನಿಮಿಷಕ್ಕೊಮ್ಮೆ ಟೈಮ್ ಎಷ್ಟಾಯಿತೆಂದು ಕೇಳುತ್ತಿದ್ದಳು. ಹೇಳಿದರೆ "ಅಷ್ಟೇನಾ?" ಎನ್ನುತ್ತಿದ್ದಳು.

ನಾಲ್ಕನೆಯ ಮುಂಜಾನೆ ನಾನು ಹೋಗುವಷ್ಟರಲ್ಲಿ ಆಕೆ ಅಡುಗೆಮನೆಯಲ್ಲಿ ಜಾರಿ ನೆಲದ ಮೇಲೆ ಕುಳಿತಿದ್ದಳು. ಪೆಟ್ಟಾಗಿರಲಿಲ್ಲ. ಆದರೆ ಏಳಲಾಗದೆ ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದಳೋ, ಹೇಳಲಿಲ್ಲ. ಕ್ಯಾರೊಲ್‌ಗೆ ತಿಳಿಸಬಾರದೆಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ಫೋನು ಮಾಡಿ ತಿಳಿಸಿದೆ. ಕ್ಯಾರೊಲ್ ಬೇಕರಿಯ ಹಿಂದಿನಿಂದ ಮಾತಾಡುತ್ತಿದ್ದಳು, ಮೆಲ್ಲಗೆ ಅತ್ತಳು. ಆ ರಾತ್ರಿಯ ಊಟಕ್ಕೆ ಮುಂಚೆಯೇ ನಾಗು ತಾನಾಗಿ ಹೇಳಿದಳು: "ಹಿಕ್ಸ್‌ವಿಲ್‌ನಾಗ ಲಿಲ್ಲಿ ಆಂಟಿ ಅಂತ ಇದ್ದಾರ. ಇದೇ ಕೆಲಸ ಮಾಡ್ತಾರ. ರವಿವಾರ ಹೋಗಿ ಕೇಳೋಣ."

ಹಿಕ್ಸ್‌ವಿಲ್

ಎರಡು ಸೇತುವೆ ದಾಟಿ, ಒಂದು ಕಡೆ ದಾರಿ ತಪ್ಪಿ, ಟೋಲಿನಲ್ಲಿ ತಪ್ಪು ಸಾಲಿಗೆ ಹೊಕ್ಕು ಹಿಂದಿನವರಿಂದ ಹಾರ್ನಿನ ಸುರಿಮಳೆ ತಿಂದು ಲಾಂಗ್ ಐಲೆಂಡ್ ತಲುಪಿದೆವು. ಹಿಕ್ಸ್‌ವಿಲ್ ರೈಲು ನಿಲ್ದಾಣದ ಸುತ್ತ ನಮ್ಮವರದೇ ಅಂಗಡಿಗಳು. ಕರಿಬೇವು, ಹಪ್ಪಳ, ಸೀರೆ, ಬೆಳ್ಳಿ ದೀಪ. ಮಿಠಾಯಿ ಅಂಗಡಿಯ ಮುಂದೆ ಬಿಸಿಲಿಗೆ ನಮ್ಮ ಕಡೆಯ ಮುದುಕರು ಸಾಲಾಗಿ ಕುಳಿತಿದ್ದರು. ಕೆಲವರು ತಳ್ಳುಗಾಡಿಯಲ್ಲಿ ಮೊಮ್ಮಕ್ಕಳನ್ನು ತೂಗುತ್ತಿದ್ದರು. ಅಷ್ಟು ದಿನದಲ್ಲಿ ನಾನು ಕಂಡ ಮೊದಲ ಮಕ್ಕಳ ಗುಂಪು ಅದು. ಈ ದೇಶ ತನಗೆ ಬೇಕಾದ ಮಕ್ಕಳನ್ನೂ ಹೊರಗಿನಿಂದ ತರಿಸಿಕೊಳ್ಳುತ್ತದೆ, ಅವರನ್ನು ಆಡಿಸುವ ಅಜ್ಜ ಅಜ್ಜಿಯರನ್ನೂ.

ಲಿಲ್ಲಿ ಆಂಟಿ ಕಾರ್ಕಳದ ಕಡೆಯ ಕ್ರೈಸ್ತ ಹೆಂಗಸು. ವಯಸ್ಸು ಅರವತ್ತು ದಾಟಿತ್ತು. ನಾವು ಹೇಳಿದ್ದನ್ನೆಲ್ಲ ಕೇಳಿ, ಕಾಫಿ ಲೋಟ ಕೆಳಗಿಟ್ಟರು.

"ನನಗೆ ಬರ್ಲಿಕ್ಕೆ ಆಗುದಿಲ್ಲ ಟೀಚರೇ. ನಾನು ನೋಡಿಕೊಳ್ಳುವ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ. ದೊಡ್ಡವರಿಗೆ ತೊಂಬತ್ತು, ಸಣ್ಣವರಿಗೆ ಎಂಬತ್ತೇಳು. ಬೆಳಿಗ್ಗೆ ಎದ್ದ ಕೂಡ್ಲೆ ಇಬ್ಬರೂ ಜಗಳ. ಎಂತಕ್ಕೆ ಗೊತ್ತುಂಟಾ? ನಾನು ಮೊದಲು ಯಾರಿಗೆ ಶೇವ್ ಮಾಡ್ಬೇಕು ಅಂತ."

"ನಿಮಗೆ ಗೊತ್ತಿರೋರು ಬೇರೆ ಯಾರಾದ್ರೂ?" ಎಂದು ನಾಗು ಕೇಳಿದಳು.

"ಗೊತ್ತಿದ್ದವರೆಲ್ಲ ಬಿಝಿ ಮಾರಾಯ್ತಿ. ಅಲ್ಲದಿದ್ದರೆ ಮುದುಕರ ಮನೆಯವರೇ ಬೇಡ ಹೇಳ್ತಾ ಇದ್ದಾರೆ, ಕೊಡ್ಲಿಕ್ಕೆ ದುಡ್ಡಿಲ್ಲ ಅಂತ. ಮುದುಕರು ಎಂತ ಮಾಡುದು? ದುಡ್ಡು ಕಡಿಮೆ ಆಯ್ತು ಅಂತ ಅವರ ವಯಸ್ಸು ಕಡಿಮೆ ಆಗ್ತದಾ?" ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ನನಗೆ ಇನ್ನು ಹತ್ತು ವರ್ಷ ಆದ ಮೇಲೆ ಯಾರು ಬರ್ತಾರೋ. ನನ್ನ ಮಗ ಟೆಕ್ಸಾಸ್‌ನಲ್ಲಿ ಇದ್ದಾನೆ, ಒಳ್ಳೆಯವನೇ. ಆದರೆ ಅವನಿಗೆ ರಜೆ ಎಲ್ಲಿ ಉಂಟು?"

ಬರಿಗೈಯಲ್ಲಿ ಹಿಂದಿರುಗಿದೆವು. ಬರಿಗೈ ಎಂದರೆ ಕರಿಬೇವು, ಜೋಳದ ಹಿಟ್ಟು ಇದ್ದವು.

ಮ್ಯಾನ್‌ಹಟನ್

ಮಂಗಳವಾರ ಪ್ರಕಾಶ್ ತಮ್ಮ ಜೊತೆ ನನ್ನನ್ನು ಊರು ನೋಡಲು ಕರೆದೊಯ್ದರು. ಅಂದು ಕ್ಯಾರೊಲ್‌ಗೆ ರಜೆ. ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರ ಹೆಬ್ಬೆರಳುಗಳೂ ಫೋನಿನ ಮೇಲೆ ಆಡುತ್ತಿದ್ದವು. ಸಂಜೆ ಸ್ಟೇಷನ್ನಿನ ಗಡಿಯಾರದ ಕೆಳಗೆ ಸಿಗುತ್ತೇನೆಂದು ಅವರು ಹೊರಟುಹೋದರು.

ಎತ್ತರದ ಕಟ್ಟಡಗಳನ್ನು ನೋಡಿ ನನಗೆ ಬೇಗ ಕುತ್ತಿಗೆ ನೋವು ಬಂತು. ದೊಡ್ಡ ಪಾರ್ಕಿಗೆ ಹೋಗಿ ಕುಳಿತೆ, ಕೂರಲಾಗದೆ ಎದ್ದೆ, ಮತ್ತೊಂದು ಬೆಂಚಿಗೆ ಹೋದೆ. ಎಲ್ಲ ಬೆಂಚಿನ ಮೇಲೂ ಜೋಡಿಗಳೇ. ಒಂದು ಬಿಳಿಯ ತಲೆ, ಅದರ ಮೊಣಕಾಲಿನ ಮೇಲೆ ಕಂಬಳಿ ಸರಿಪಡಿಸುವ ಒಂದು ಕಪ್ಪು ಇಲ್ಲವೇ ಕಂದು ಕೈ. ಆ ಕೈಗಳವರು ಬೆಂಚಿನಿಂದ ಬೆಂಚಿಗೆ ತಮ್ಮತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಗುತ್ತಿದ್ದರು. ಬಿಳಿಯ ತಲೆಗಳು ಅರ್ಥವಾಗದ ಆ ಮಾತಿನ ನಡುವೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ನಿನ್ನ ತಾಯಿಯನ್ನು ಯಾರ ಕೈಗೆ ಬಿಟ್ಟು ಬಂದೆ ಎಂದು ಒಬ್ಬಳನ್ನು ಕೇಳಬೇಕೆನ್ನಿಸಿತು. ಧೈರ್ಯ ಬರಲಿಲ್ಲ. ಬೊಗಸೆ ತುಂಬ ಕಡಲೆಕಾಯಿ ಕೊಂಡು ತಿಂದೆ. ಸಿಹಿ ಹಚ್ಚಿದ್ದರು.

ಸಂಜೆ ಗಡಿಯಾರದ ಕೆಳಗೆ ಪ್ರಕಾಶ್ ನನಗಿಂತ ಮೊದಲೇ ಬಂದು ನಿಂತಿದ್ದರು. ಟೈ ಬಿಚ್ಚಿ ಜೇಬಿನಲ್ಲಿ ತುರುಕಿದ್ದರು, ಅರ್ಧ ಹೊರಗೆ ನೇತಾಡುತ್ತಿತ್ತು.

"ಎಷ್ಟ್ ಹೊತ್ತಾಯ್ತು ಬಂದು?" ಎಂದೆ.

"ಮಧ್ಯಾಹ್ನಾನೇ ಬಂದೆ ಗಿರಿಜಾ ಅವ್ರೆ. ಇನ್ನು ನಾಳೆಯಿಂದ ಬರೋದ್ ಬೇಡ ಅಂದ್ರು."

ರೈಲಿನಲ್ಲಿ ಟೈಯನ್ನು ಜೇಬಿನಿಂದ ತೆಗೆದು, ಮಡಿಚಿ, ಮತ್ತೆ ಜೇಬಿಗೇ ಇಟ್ಟರು. ಆಮೇಲೆ ಕಿಟಕಿಯ ಕಡೆಗೇ ನೋಡುತ್ತಾ ಹೇಳಿದರು. "ನಂಗೆ ಐವತ್ತೈದು. ನಮ್ ಅಪ್ಪ ಈ ವಯಸ್ಸಲ್ಲಿ ರಿಟೈರ್ ಆಗಿ, ಬೆಳಿಗ್ಗೆ ವಾಕಿಂಗು, ಸಂಜೆ ಸಂಗೀತ ಸಭೆ ಅಂತ ಓಡಾಡ್ಕೊಂಡಿದ್ರು. ನಾನೀಗ ರೆಸ್ಯೂಮೆ ಬರೀಬೇಕು. ನಾಗುಗೆ ನಾನೇ ಹೇಳ್ತೀನಿ, ನೀವು ಏನೂ ಅನ್ಬೇಡಿ."

ನಾಗು ಬಾಗಿಲು ತೆರೆದವಳೇ ಅವರ ಮುಖ ನೋಡಿ, "ಬಿಡ್ರಿ, ಮೊದಲ ಉಣ್ಣೋಣ" ಎಂದಳು.

ಸಭಾಂಗಣ

ಸಂಕಿರಣದ ದಿನ ಬೆಳಿಗ್ಗೆಯೇ ಕ್ಯಾರೊಲ್ ಫೋನು ಮಾಡಿದಳು. ಆ ದಿನ ರಜೆ ಹಾಕುವುದಾಗಿ ನನಗೆ ಮಾತು ಕೊಟ್ಟಿದ್ದಳು. ಆದರೆ ಬೇಕರಿಯಲ್ಲಿ ಇನ್ನೊಬ್ಬಳನ್ನು ತೆಗೆದುಹಾಕಿದ್ದರು, ಇವಳು ಹೋಗದಿದ್ದರೆ ಇವಳ ಕೆಲಸವೂ ಹೋದ ಹಾಗೆಯೇ. ಜಾರಿ ಬಿದ್ದ ಮೇಲೆ ರೂತಳನ್ನು ಒಬ್ಬಳೇ ಬಿಡುವ ಮಾತೇ ಇರಲಿಲ್ಲ. ನಾನು ತಿಂಗಳುಗಟ್ಟಲೆ ಕುಳಿತು ಬರೆದ ಪ್ರಬಂಧ ಚೀಲದಲ್ಲಿತ್ತು.

ಪ್ರಕಾಶ್ ಎರಡು ದಿನದಿಂದ ಅದೇ ಪೈಜಾಮದಲ್ಲಿ ಮನೆಯೊಳಗೆ ಸುತ್ತುತ್ತಿದ್ದರು. ಕಾಫಿ ಲೋಟ ಹಿಡಿದು ನಿಂತು ಕೇಳಿಸಿಕೊಂಡವರು, "ಅವ್ರನ್ನೂ ಕರ್ಕೊಂಡೇ ಹೋಗೋಣ. ನಾನು ಡ್ರೈವ್ ಮಾಡ್ತೀನಿ. ಅಲ್ಲಿ ಹಿಂದಿನ ಸಾಲಲ್ಲಿ ನಾನೂ ಅವ್ರೂ ಕೂತ್ಕೋತೀವಿ" ಎಂದರು. ಹೇಳಿದವರೇ ಶೇವ್ ಮಾಡಿಕೊಳ್ಳಲು ಓಡಿದರು.

ರೂತ್ ತುಟಿಗೆ ಬಣ್ಣ ಬೇಕೆಂದಳು. ಆಸ್ಪತ್ರೆ ಬಿಟ್ಟು ಬೇರೆಲ್ಲಿಗಾದರೂ ಹೋಗಿ ಎಷ್ಟು ಕಾಲವಾಗಿತ್ತೋ, ನೀಲಿ ಉಡುಪು ತೆಗೆಸಿ ಹಾಕಿಸಿಕೊಂಡಳು. ಗಾಲಿಕುರ್ಚಿಯನ್ನು ಮಡಿಚಲು ಪ್ರಕಾಶ್ ಒದ್ದಾಡಿದರು, ಕೊನೆಗೆ ಬೆರಳು ಸಿಕ್ಕಿಸಿಕೊಂಡು ಮೈಸೂರು ಕನ್ನಡದಲ್ಲಿ ಬೈದರು. "ಅದು ಒಳ್ಳೇ ಮಾತಲ್ಲ ಅಂತ ಭಾಷೆ ಗೊತ್ತಿಲ್ಲದಿದ್ದರೂ ಗೊತ್ತಾಗುತ್ತೆ" ಎಂದಳು ರೂತ್.

ಸಭಾಂಗಣದಲ್ಲಿ ಮುದುಕರ ಬಗ್ಗೆ ಮಾತಾಡಲು ನಲವತ್ತು ಜನ ಸೇರಿದ್ದೆವು. ಅವಳೊಬ್ಬಳನ್ನು ಬಿಟ್ಟರೆ ನಿಜವಾಗಿ ಮುದಿಯಾದವರು ಯಾರೂ ಇರಲಿಲ್ಲ. ನನಗಿಂತ ಮುಂಚೆ ಮಾತಾಡಿದ ತರುಣ ವಿದ್ವಾಂಸ ತೆರೆಯ ಮೇಲೆ ಆ ಗಡಿಗೆಯ ಚಿತ್ರ ಹಾಕಿ, ಯುದ್ಧದ ನಂತರ ಹುಟ್ಟಿದವರ ಉಬ್ಬನ್ನು ಬೆಳಕಿನ ಕೋಲಿನಿಂದ ತೋರಿಸಿದ. ಆ ಉಬ್ಬು ವರ್ಷ ವರ್ಷವೂ ಮೇಲೇರಿ ಈಗ ನಿವೃತ್ತಿಗೆ ಬಂದು ನಿಂತಿದೆ, ಸಮಾಜ ಈ ಹೊರೆಯನ್ನು ಹೇಗೆ ಹೊತ್ತೀತು ಎಂದ. ಹಿಂದಿನ ಸಾಲಿನಲ್ಲಿ ಪ್ರಕಾಶ್ ರೂತಳ ಕಿವಿಗೆ ಬಾಗಿ ಚಿತ್ರವನ್ನು ವಿವರಿಸುತ್ತಿದ್ದರು.

"ಅದು ನನ್ನ ತಪ್ಪಲ್ಲ" ಎಂದಳು ರೂತ್, ಕಿವಿ ಮಂದವಾದವರ ದನಿಯಲ್ಲಿ. "ಅವು ಬರ್ತಾ ಇದ್ದವು, ನಾವು ಹಿಡ್ಕೊಂಡೆವು ಅಷ್ಟೇ."

ಎಲ್ಲರೂ ತಿರುಗಿದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ತರುಣನೂ ನಕ್ಕು, "ಮೇಡಂ, ನಮ್ಮಪ್ಪನನ್ನೂ ನೀವೇ ಹಿಡಿದಿರಬಹುದು" ಎಂದ.

ನನ್ನ ಸರದಿ ಬಂತು. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ ನಾನು ಕಂಡದ್ದು ನನ್ನ ವಿಷಯ. ಮುಖ್ಯವಾದ ಮಾತಿನ ಹತ್ತಿರ ಬಂದಿದ್ದೆ. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಜೀರ್ಜಾ, ನನಗೆ ಬಾತ್‌ರೂಮಿಗೆ ಹೋಗಬೇಕು. ಈಗಲೇ."

ಪ್ರಕಾಶ್ ಎದ್ದು ನಿಂತು, ಕೂತು, ಮತ್ತೆ ನಿಂತರು. ಹೆಂಗಸರ ಕೋಣೆಗೆ ಅವರು ಹೋಗುವ ಹಾಗಿಲ್ಲ. ಹೋದರೂ ಹೇಗೆ ಎತ್ತಬೇಕೆಂದು ಅವರಿಗೆ ಗೊತ್ತಿಲ್ಲ. ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟು, ಕ್ಷಮಿಸಿ ಎಂದು ಹೇಳಿ, ಇಳಿದು ಹೋದೆ.

ನನಗೆ ಸಿಟ್ಟು ಬಂದಿರಲಿಲ್ಲವೆಂದರೆ ಸುಳ್ಳಾದೀತು. ಅವಳನ್ನು ಕೂರಿಸುವಾಗ ನನ್ನ ಕೈ ಒರಟಾಗಿತ್ತು. "ನಿಧಾನ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಮುಖ್ಯವಾದದ್ದು ಏನೋ ಹೇಳ್ತಾ ಇದ್ದೆ ಅಲ್ವಾ?"

"ಹೌದು."

"ನನಗೆ ಹೇಳು."

ಆ ಚಿಕ್ಕ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತು ಹೇಳಿದೆ. ನಮ್ಮ ಹಳ್ಳಿಗಳಲ್ಲೂ ಈಗ ಮನೆಗೆ ಒಂದೋ ಎರಡೋ ಮಕ್ಕಳು. ಜನ ಹೆಚ್ಚು ಕಾಲ ಬದುಕುತ್ತಾರೆ. ನೋಡಿಕೊಳ್ಳುವುದು ಸೊಸೆ, ಮಗಳು ಎಂದು ನಾವು ಲೆಕ್ಕ ಹಾಕದೆಯೇ ನಂಬಿದ್ದೇವೆ. ಆ ಸೊಸೆ, ಆ ಮಗಳು ಈಗ ಬೆಳಿಗ್ಗೆ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ದಾರಿಯಲ್ಲೇ ನಾವೂ ಇದ್ದೇವೆ, ಕೈಯಲ್ಲಿ ನಿಮ್ಮಷ್ಟು ದುಡ್ಡೂ ಇಲ್ಲ.

ರೂತ್ ಗಮನವಿಟ್ಟು ಕೇಳಿದಳು. "ಮತ್ತೆ ಏನು ಮಾಡಬೇಕು ಅಂತ ಬರೆದಿದ್ದೀಯ?"

"ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕು ಅಂತ."

ಅವಳು ನಗತೊಡಗಿದಳು. ನಕ್ಕೂ ನಕ್ಕೂ ಕೆಮ್ಮು ಬಂತು. ಬೆನ್ನು ಸವರುತ್ತಾ ನಾನೂ ನಕ್ಕೆ. ಹೊರಗೆ ಕಾಯುತ್ತಿದ್ದ ಪ್ರಕಾಶ್ ಗಾಬರಿಯಿಂದ ಬಾಗಿಲು ಬಡಿದರು. ನಾವು ಮರಳುವಷ್ಟರಲ್ಲಿ ಬೇರೆಯವರು ಮಾತಾಡುತ್ತಿದ್ದರು. ಆ ಪ್ರಬಂಧದ ಕೊನೆಯ ಪುಟಗಳನ್ನು ನಾನು ಎಲ್ಲೂ ಓದಲಿಲ್ಲ.

ಹೊರಡುವ ದಿನ

ಸಂಕಿರಣದ ಮರುದಿನ ಪ್ರಕಾಶ್ ಕ್ಯಾರೊಲ್ ಹತ್ತಿರ ತಾವೇ ಹೋಗಿ ಮಾತಾಡಿ ಬಂದರು. ಕೆಲಸ ಸಿಗುವವರೆಗೆ ಬೆಳಗಿನ ಹೊತ್ತು ರೂತ್ ಜೊತೆ ಇರುತ್ತಾರೆ. ಸ್ನಾನ ಮಾಡಿಸುವುದನ್ನು ಕ್ಯಾರೊಲ್ ಸಂಜೆ ಮಾಡುತ್ತಾಳೆ. ನಾಗುವಿಗೆ ಇದು ತಿಳಿದಾಗ ಮನೆಯಲ್ಲಿ ಗುಡುಗು.

"ಅಲ್ರೀ, ಬ್ಯಾಂಕಿನ್ಯಾಗ ಅಷ್ಟು ದೊಡ್ಡ ಹುದ್ದೆಯೊಳಗಿದ್ದವರು ನೀವು. ಕನ್ನಡ ಕೂಟದವರು ಕೇಳಿದ್ರ ಏನಂತ ಹೇಳ್ಲಿ?"

"ಓಣಿಯವ್ರ ಮನೇಗೆ ಹೋಗಿದ್ದಾರೆ ಅಂತ ಹೇಳು" ಎಂದರು ಪ್ರಕಾಶ್. "ನಾಗು, ಇಡೀ ದಿನ ಈ ಸೋಫಾ ಮೇಲೆ ಕೂತು ಫೋನ್ ನೋಡ್ತಾ ಇದ್ರೆ ನಂಗೆ ಹುಚ್ಚು ಹಿಡಿಯತ್ತೆ. ಅಲ್ಲಿ ಕೂತು ನೋಡ್ತೀನಿ ಬಿಡು."

ನಾಗು ಎರಡು ದಿನ ಅವರೊಡನೆ ಮಾತು ಬಿಟ್ಟಳು.

ನಾನು ಹೊರಡುವ ಬೆಳಿಗ್ಗೆ ರೂತಳ ಮನೆಗೆ ಹೋದೆ. ಪ್ರಕಾಶ್ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅರ್ಜಿ ಬರೆಯುತ್ತಾ, ನಡುನಡುವೆ ರೂತಳಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ನಾನು ಹೊರಟೆನೆಂದಾಗ ರೂತ್ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಜೊತೆ ಯಾರಿರ್ತಾರೆ, ನನ್ನ ವಯಸ್ಸಾದಾಗ?"

"ಗೊತ್ತಿಲ್ಲ" ಎಂದೆ. ಅಕ್ಕನ ಮಕ್ಕಳು ಎಂದೆಲ್ಲ ಹೇಳಬಹುದಿತ್ತು.

"ನಿನಗಿಂತ ಚಿಕ್ಕವರ ಸ್ನೇಹ ಮಾಡ್ಕೋ. ನಾನು ನನ್ನ ವಯಸ್ಸಿನವರನ್ನೇ ಮಾಡ್ಕೊಂಡೆ. ತುಂಬಾ ಒಳ್ಳೆಯವರು. ಎಲ್ಲರೂ ಹೋಗಿಬಿಟ್ಟರು." ಆಮೇಲೆ ಪ್ರಕಾಶರ ಕಡೆ ಮುಖ ಮಾಡಿ, "ಇವನು ಪರವಾಗಿಲ್ಲ. ಐವತ್ತೈದು, ಇನ್ನೂ ಹುಡುಗ" ಎಂದಳು.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರಕಾಶರಿಗೆ ಕೆಲಸ ಸಿಕ್ಕಿದ್ದು ಆ ಹಿಮಗಾಲವೆಲ್ಲ ಕಳೆದ ಮೇಲೆ, ಹಳೆಯದಕ್ಕಿಂತ ಸಣ್ಣದು, ಆದರೆ ಮನೆಗೆ ಹತ್ತಿರ. ಅಷ್ಟರೊಳಗೆ ಲಿಲ್ಲಿ ಆಂಟಿ ನೋಡಿಕೊಳ್ಳುತ್ತಿದ್ದ ಅಣ್ಣತಮ್ಮಂದಿರಲ್ಲಿ ದೊಡ್ಡವರು ತೀರಿಕೊಂಡು, ಸಣ್ಣವರನ್ನು ಮಗಳು ಕರೆದುಕೊಂಡು ಹೋಗಿ, ಆಂಟಿ ರೂತಳ ಮನೆಯ ಮೇಲಿನ ಕೋಣೆಗೆ ಬಂದು ನೆಲೆಸಿದರು. ರೂತ್ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದು ಮರುವರ್ಷದ ಬೇಸಿಗೆಯಲ್ಲಿ. ಈಗ ಆ ಮನೆಯಲ್ಲಿ ಕ್ಯಾರೊಲ್, ಲಿಲ್ಲಿ ಆಂಟಿ ಇಬ್ಬರೇ ಇದ್ದಾರೆ.

ಆದರೆ ನನಗೆ ಹೆಚ್ಚು ನೆನಪಿರುವುದು ವಿಮಾನ ನಿಲ್ದಾಣದ ದಾರಿ. ನಾಗು ಡ್ರೈವ್ ಮಾಡುತ್ತಿದ್ದಳು. ಹೆದ್ದಾರಿಯ ತುಂಬ ಟ್ರಕ್ಕುಗಳು, ಅವಳು ಸಾಲಿನಿಂದ ಸಾಲಿಗೆ ಹಾರುತ್ತಿದ್ದಳು. ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡೆ. ಬಹಳ ದೂರ ಹೋದ ಮೇಲೆ ಅವಳೇ ಶುರುಮಾಡಿದಳು.

"ಗುರುವಾರ ಇವರಿಗೆ ಒಂದು ಇಂಟರ್‌ವ್ಯೂ ಅದ. ಮುಂಜಾನೆನ ಹೋಗಬೇಕು."

"ಒಳ್ಳೇದಾತಲ್ಲ" ಎಂದೆ.

"ಒಳ್ಳೇದಾತು. ಆ ಮುದುಕೀ ಕಡೆ ಯಾರು ಹೋಗಬೇಕು?"

ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಲಗಡೆಯ ಸಾಲಿಗೆ ಇಳಿದಳು. ವಿಮಾನ ನಿಲ್ದಾಣದ ಹಸಿರು ಫಲಕ ಹತ್ತಿರವಾಗುತ್ತಿತ್ತು.

"ನಾ ಅವತ್ತು ರಜಾ ಹಾಕೀನಿ" ಎಂದಳು. "ಈಗ ಹೇಳು, ಕಂಕುಳಾಗ ಹೆಂಗ ಹಿಡೀಬೇಕು?"

ಸ್ಟೀರಿಂಗ್ ಹಿಡಿದವಳಿಗೆ, ನನ್ನದೇ ತೋಳನ್ನು ಎತ್ತಿ, ಹಿಡಿದು ತೋರಿಸಿದೆ.